ಕೌದಿಗೆ ಅಂಚಿನ ಪಟ್ಟಿ ಹೊಲಿಯುವ ಬಗೆ

ಕೌದಿ ನಡುವೆ ಹರಿಯುವುದು ಕಡಿಮೆ. ಮೊದಲು ಹೋಗುವುದು ಅಂಚು, ಅದರಲ್ಲೂ ತಲೆ ಕಡೆಯ ಅಂಚು. ರಾತ್ರಿ ಮೈಮೇಲೆ ಎಳೆದುಕೊಳ್ಳುವಾಗ ಕೈ ಹೋಗುವುದು ಅಲ್ಲಿಗೇ. ತಲೆಯ ಎಣ್ಣೆ ಹತ್ತುವುದು ಅಲ್ಲೇ, ಒಗೆಯುವಾಗ ಜಾಸ್ತಿ ಉಜ್ಜುವುದೂ ಅದನ್ನೇ. ನನ್ನ ಹತ್ತಿರ ರಿಪೇರಿಗೆ ಬರುವ ಕೌದಿಗಳಲ್ಲಿ ಬಹಳಷ್ಟು ಹೀಗೇ ಇರುತ್ತವೆ. ಒಡಲು ಗಟ್ಟಿ, ಅಂಚು ಚಿಂದಿ.

ಅದಕ್ಕೇ ಧಾರವಾಡದ ನಮ್ಮ ಮನೆಯಲ್ಲಿ ನಾನು ಹೊಲಿಯುವ ಕೌದಿಗಳಿಗೆ ಅಂಚನ್ನು ಬೇರೆ ಬಟ್ಟೆಯಲ್ಲೇ ಹೊಲಿಯುತ್ತೇನೆ. ಅಡಿಯ ಬಟ್ಟೆಯನ್ನು ಒಂದೆರಡು ಇಂಚು ಉದ್ದ ಬಿಟ್ಟು, ಅದನ್ನೇ ಮೇಲಕ್ಕೆ ಮಡಚಿ ಹೊಲಿದರೆ ಕೆಲಸ ಬೇಗ ಮುಗಿಯುತ್ತದೆ, ನಿಜ. ತುಂಬಾ ಜನ ಹಾಗೇ ಮಾಡುತ್ತಾರೆ. ಆದರೆ ಆ ಮಡಿಕೆ ಸವೆದರೆ ಅಡಿಯ ಬಟ್ಟೆಯೇ ಹರಿದಂತೆ. ಆಮೇಲೆ ಅದನ್ನು ಸರಿಮಾಡುವುದು ದೊಡ್ಡ ಕೆಲಸ. ಬೇರೆ ಪಟ್ಟಿ ಇದ್ದರೆ ಅದನ್ನು ಬಿಚ್ಚಿ ಹೊಸದು ಹಾಕಬಹುದು, ಒಡಲಿಗೆ ಏನೂ ಆಗುವುದಿಲ್ಲ. ಅಂಚು ಎಂದಾದರೂ ಬದಲಾಗಲೇಬೇಕು ಅಂತ ಮೊದಲೇ ಲೆಕ್ಕ ಹಾಕಿ ಹೊಲಿಯಿರಿ. ಆಗ ಕೌದಿ ಒಂದು ತಲೆಮಾರು ಜಾಸ್ತಿ ಬಾಳುತ್ತದೆ.

ಪಟ್ಟಿಯೇ ಬೇಡ ಅನ್ನುವ ಒಳ್ಳೆಯ ದಾರಿಯೂ ಒಂದಿದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಕವಂದಿ, ಅಂದರೆ ಅವರ ಬಗೆಯ ಕೌದಿ, ಹೊಲಿಯುವುದನ್ನು ನೋಡಿ. ಅವರು ಶುರು ಮಾಡುವುದೇ ಅಂಚಿನಿಂದ. ಒಂದು ಮೂಲೆಯಲ್ಲಿ ಬಟ್ಟೆಯ ತುಂಡಿಟ್ಟು, ಅದರ ಅಂಚನ್ನು ಒಳಕ್ಕೆ ಮಡಚಿ ಹೊಲಿಯುತ್ತಾರೆ. ಹಾಗೇ ಸುತ್ತು ಬರುತ್ತಾ ಬರುತ್ತಾ ನಡುವಿಗೆ ಮುಟ್ಟುತ್ತಾರೆ. ನಾವು ಕೊನೆಗೆ ಮಾಡುವ ಕೆಲಸ ಅವರಿಗೆ ಮೊದಲ ಸಾಲಿನಲ್ಲೇ ಮುಗಿದಿರುತ್ತದೆ. ನಾಲ್ಕು ಮೂಲೆಗೂ ಬಟ್ಟೆಯ ಚೂರುಗಳನ್ನು ಮುಕ್ಕೋನೆಯಾಗಿ ಮಡಚಿ ಒಂದರ ಮೇಲೊಂದು ಇಟ್ಟು ಹೊಲಿಯುತ್ತಾರೆ. ಅದಕ್ಕೆ ಫುಲಾ ಅನ್ನುತ್ತಾರೆ. ಫುಲಾ ಇಲ್ಲದ ಕವಂದಿ ಅವರ ಕಣ್ಣಿಗೆ ಪೂರ್ತಿ ಆಗಿಲ್ಲ ಅಂತಲೇ ಅರ್ಥ. ಹೊಸ ಕೌದಿಯನ್ನು ಪೂರ್ತಿ ಕೈಯಲ್ಲೇ ಹೊಲಿಯುವವರಿಗೆ ಈ ಬಗೆ ಬಲು ಚಂದ. ಆದರೆ ಈಗಾಗಲೇ ಹೊಲಿದಿಟ್ಟ ಕೌದಿಗೆ ಅಂಚು ಬೇಕು ಅಂದರೆ ಪಟ್ಟಿಯೇ ಗತಿ. ಇಲ್ಲಿ ಹೇಳುವುದು ಅದನ್ನೇ.

ಬಟ್ಟೆ

ನಾನು ಬಳಸುವುದು ಹತ್ತಿಯ ಪಾಪ್ಲಿನ್. ಒತ್ತಾದ ನೇಯ್ಗೆ, ಮಡಿಕೆ ಚೆನ್ನಾಗಿ ಕೂರುತ್ತದೆ, ಸೂಜಿ ಸಲೀಸಾಗಿ ಹೋಗುತ್ತದೆ. ರವಿಕೆಗೆ ತರುವ ಟೂ ಬೈ ಟೂ ಬಟ್ಟೆ ಬೇಡ. ಕೈಗೆ ಮೆತ್ತಗೆ ಸಿಗುತ್ತದೆ, ಆದರೆ ಕೌದಿಯ ಭಾರಕ್ಕೆ ತೀರ ತೆಳು. ನೆನೆದ ಕೌದಿ ಎಷ್ಟು ಭಾರ ಇರುತ್ತದೆ ಅಂತ ಒಗೆದವರಿಗೆ ಗೊತ್ತು. ಅಂಚು ಹಿಡಿದು ಎತ್ತಿದಾಗ ಆ ಭಾರವೆಲ್ಲ ಬೀಳುವುದು ಈ ಪಟ್ಟಿಯ ಮೇಲೆಯೇ. ಸಿಂಥೆಟಿಕ್ ಬಟ್ಟೆಯನ್ನೂ ಬಿಡಿ. ಜಾರುತ್ತದೆ, ಇಸ್ತ್ರಿಗೆ ಮಡಿಕೆ ನಿಲ್ಲುವುದಿಲ್ಲ.

ತಂದ ಬಟ್ಟೆಯನ್ನು ಕತ್ತರಿ ಹಾಕುವ ಮೊದಲು ನೆನೆಸಿ ಒಗೆಯಿರಿ. ಕೌದಿಯ ಒಳಗಿರುವುದು ಹಳೆಯ ಸೀರೆ, ಹಳೆಯ ಧೋತರ. ಅವು ಕುಗ್ಗುವಷ್ಟು ಕುಗ್ಗಿ ಮುಗಿದಿವೆ. ಹೊಸ ಪಾಪ್ಲಿನ್ ಇನ್ನೂ ಕುಗ್ಗಬೇಕು. ಹಾಗೇ ಹೊಲಿದುಬಿಟ್ಟರೆ ಮೊದಲ ಒಗೆತಕ್ಕೇ ಪಟ್ಟಿ ಬಿಗಿಯುತ್ತದೆ, ಕೌದಿಯ ಸುತ್ತಲೂ ಸುಕ್ಕು ಬರುತ್ತದೆ. ಕೆಂಪು, ಕಡುನೀಲಿ, ಕಪ್ಪು ಬಟ್ಟೆಯಾದರೆ ಬಣ್ಣ ಬಿಡುತ್ತದಾ ಅಂತಲೂ ನೋಡಬೇಕು. ಹಸಿ ಬಟ್ಟೆಯನ್ನು ಬಿಳಿ ತುಂಡಿಗೆ ಒತ್ತಿ ಉಜ್ಜಿ. ಬಣ್ಣ ಹತ್ತಿದರೆ ಮತ್ತೆ ಒಗೆಯಿರಿ. ನೀರು ತಿಳಿಯಾಗುವ ತನಕ ಅದು ಕೌದಿಗೆ ಬರಬಾರದು.

ಇಳಕಲ್ ಸೀರೆಯ ದಡಿ ಹಾಕಿ ಅಂತ ಕೇಳುವವರು ಬಹಳ. ನಮ್ಮ ಅತ್ತೆ ಗದಗ ಕಡೆಯವರು. ಅವರು ಹೊಲಿದ ಕೌದಿಗಳ ಸುತ್ತಲೂ ಗೋಮಿ ದಡಿಯೋ ಗಾಡಿ ದಡಿಯೋ ಇರುತ್ತಿತ್ತು. ನೋಡಲು ಅದಕ್ಕೆ ಸಾಟಿಯಿಲ್ಲ. ಆದರೆ ಉಟ್ಟು ಹಳತಾದ ಸೀರೆಯ ದಡಿಯನ್ನು ಮೊದಲು ಪರೀಕ್ಷೆ ಮಾಡಿ. ಒಂದು ಗೇಣು ದಡಿಯನ್ನು ಎರಡೂ ಕೈಯಲ್ಲಿ ಹಿಡಿದು ಅಡ್ಡಕ್ಕೆ ಜಗ್ಗಿ, ಬೆಳಕಿಗೆ ಹಿಡಿಯಿರಿ. ಎಳೆಗಳು ಬಿಟ್ಟುಕೊಂಡು ಸಂದು ಕಂಡರೆ ಅದರ ಆಯಸ್ಸು ಮುಗಿದಿದೆ. ಗಟ್ಟಿ ಇದ್ದರೂ ನಾನು ಅದನ್ನು ತುದಿಗೆ ಮಡಚುವುದಿಲ್ಲ. ತುದಿಗೆ ಪಾಪ್ಲಿನ್ ಪಟ್ಟಿ, ಅದರ ಒಳಗಡೆ ಪಕ್ಕದಲ್ಲೇ ದಡಿ. ದಡಿಗೆ ಒಂದು ಬದಿ ಕಿನಾರಿ, ಅಂದರೆ ಎಳೆ ಬಿಡದ ನೇಯ್ದ ಅಂಚು, ಇರುತ್ತದಲ್ಲವಾ, ಆ ಬದಿ ಕೌದಿಯ ನಡುವಿನ ಕಡೆ ಬರಲಿ. ಅದಕ್ಕೆ ಮಡಿಕೆಯೇ ಬೇಕಿಲ್ಲ, ನೇರವಾಗಿ ಹೊಲಿಗೆ ಹಾಕಿಬಿಡಿ. ಸೀರೆಯಿಂದ ಕತ್ತರಿಸಿದ ಬದಿ ಹೊರಗಡೆಗೆ ಬಂದು ಪಟ್ಟಿಯೊಳಗೆ ಸೇರಿಹೋಗುತ್ತದೆ. ಸವೆತವೆಲ್ಲ ಪಾಪ್ಲಿನ್‌ಗೆ, ಅಂದವೆಲ್ಲ ದಡಿಗೆ.

ಗುಳೇದಗುಡ್ಡದ ರವಿಕೆ ಬಟ್ಟೆ ಖಣವನ್ನೂ ಹೀಗೇ ಪಕ್ಕದಲ್ಲಿ ಇಡಬಹುದು. ಖಣ ಕತ್ತರಿಸಿದ ಕೂಡಲೇ ಎಳೆ ಬಿಡಲು ಶುರು ಮಾಡುತ್ತದೆ. ದಿನಾ ಹೊದೆಯುವ ಕೌದಿಯ ತುದಿಗೆ ಅದು ಆಗುವುದಿಲ್ಲ. ಮಂಚದ ಮೇಲೆ ಹಾಸಿ ಬಿಡುವ ಕೌದಿಗಾದರೆ ಅಡ್ಡಿಯಿಲ್ಲ.

ಕೌದಿಯನ್ನು ಸಜ್ಜು ಮಾಡುವುದು

ನೆಲ ಒರೆಸಿ, ಕೌದಿಯನ್ನು ಎಲ್ಲೂ ಎಳೆಯದೆ ಹಾಸಿ. ಅಂಚಿನಿಂದ ಅರ್ಧ ಬೆರಳಗಲ ಒಳಗೆ ಸುತ್ತಲೂ ಉದ್ದುದ್ದ ಟಾಕಿಯ ಒಂದು ಕಚ್ಚಾ ಹೊಲಿಗೆ ಹಾಕಿ. ಇದನ್ನು ಬಿಡಬೇಡಿ. ಕೌದಿಯಲ್ಲಿ ನಾಲ್ಕೈದು ಪದರ ಇರುತ್ತವೆ. ಈ ಹೊಲಿಗೆ ಇಲ್ಲದಿದ್ದರೆ ಪಟ್ಟಿ ಹೊಲಿಯುವಾಗ ಮೇಲಿನ ಪದರ ಮುಂದಕ್ಕೆ ಓಡುತ್ತದೆ, ಕೆಳಗಿನದು ಹಿಂದೆ ಉಳಿಯುತ್ತದೆ.

ಆಮೇಲೆ ಅಳತೆ. ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆಯಿರಿ. ಉದ್ದವನ್ನೂ ಹಾಗೆಯೇ. ಕೈಹೊಲಿಗೆಯ ಕೌದಿಯಲ್ಲಿ ಮೂರೂ ಒಂದೇ ಬರುವುದು ಅಪರೂಪ. ಅಂಚು ಸಾಮಾನ್ಯವಾಗಿ ಹಿಗ್ಗಿರುತ್ತದೆ, ಹಾಗಾಗಿ ನಡುವಿನ ಅಳತೆಯನ್ನು ನಂಬಿ. ಮೂಲೆಯಿಂದ ಮೂಲೆಗೆ ಎರಡೂ ಕಡೆ ಟೇಪು ಹಿಡಿದು ನೋಡಿ. ಎರಡು ಅಳತೆಯೂ ಸಮ ಬಂದರೆ ಕೌದಿ ಚೌಕ ಕೂತಿದೆ. ಒಂದಿಂಚು ಹೆಚ್ಚುಕಮ್ಮಿ ಇದ್ದರೆ ಚಿಂತೆಯಿಲ್ಲ. ಅದಕ್ಕೂ ಜಾಸ್ತಿ ಇದ್ದರೆ ಚಾಕಿನಲ್ಲಿ ಗೆರೆ ಎಳೆದು ಕತ್ತರಿಸಿ, ಆದರೆ ಹಳೆಯ ಹೊಲಿಗೆಯ ಸಾಲು ಕತ್ತರಿಗೆ ಸಿಗದ ಹಾಗೆ.

ಪಟ್ಟಿಯ ಲೆಕ್ಕ

ಒಂದು ಉದಾಹರಣೆ ಹಿಡಿಯೋಣ. 5 ಅಡಿ ಅಗಲ, 7 ಅಡಿ ಉದ್ದದ ಕೌದಿ. ಅಂದರೆ 60 ಇಂಚು, 84 ಇಂಚು. ಸುತ್ತಳತೆ 288 ಇಂಚು. ಮೂಲೆಗಳಿಗೆ, ಕೊನೆಯ ಜೋಡಣೆಗೆ ಅಂತ 12 ಇಂಚು ಸೇರಿಸಿ. ಒಟ್ಟು 300.

ಪಟ್ಟಿಯನ್ನು ಎರಡು ಪದರ ಮಾಡಿ ಹೊಲಿಯಬೇಕು. ಒಂಟಿ ಪದರ ಬೇಗ ಸವೆಯುತ್ತದೆ. ತೆಳು ಕೌದಿಗೆ ಎರಡೂವರೆ ಇಂಚು ಅಗಲದ ಪಟ್ಟಿ ಸಾಕು, ದಪ್ಪನೆಯ ಕೌದಿಗೆ 3 ಇಂಚು ಬೇಕು. 44 ಇಂಚು ಪನ್ನದ, ಅಂದರೆ ಅಗಲದ, ಪಾಪ್ಲಿನ್ ತಂದರೆ ಎರಡೂ ಬದಿಯ ಕಿನಾರಿ ತೆಗೆದು 42 ಇಂಚು ಕೈಗೆ ಸಿಗುತ್ತದೆ. ಅಡ್ಡಕ್ಕೆ 3 ಇಂಚಿನ 8 ಪಟ್ಟಿ ಕತ್ತರಿಸಿ. ಒಂದೊಂದು ಜೋಡಣೆಗೆ 3 ಇಂಚು ಹೋಗುತ್ತದೆ. 8 ಪಟ್ಟಿಗೆ 7 ಜೋಡಣೆ. 336ರಲ್ಲಿ 21 ಕಳೆದರೆ 315 ಇಂಚು ಉಳಿಯಿತು. ಬಟ್ಟೆ ಬೇಕಾಗುವುದು 24 ಇಂಚು. ಮುಕ್ಕಾಲು ಮೀಟರ್ ತಂದರೆ ಒಗೆದು ಕುಗ್ಗಿದ ಮೇಲೂ ಧಾರಾಳ.

ಅಡ್ಡಕ್ಕೆ ಕತ್ತರಿಸಿ ಅಂದೆ, ಅದಕ್ಕೆ ಕಾರಣ ಇದೆ. ಬಟ್ಟೆಯ ಉದ್ದಕ್ಕೆ ಹಾಸಿನ ಎಳೆ ಬಿಗಿಯಾಗಿ ಓಡುತ್ತದೆ, ಎಳೆದರೆ ಒಂದಿಷ್ಟೂ ಬಗ್ಗುವುದಿಲ್ಲ. ಹೊಕ್ಕಿನ ದಿಕ್ಕಿಗೆ, ಅಂದರೆ ಅಡ್ಡ ಎಳೆಯ ದಿಕ್ಕಿಗೆ, ಕತ್ತರಿಸಿದ ಪಟ್ಟಿ ಚೂರು ಹಿಗ್ಗುತ್ತದೆ. ಕೈಹೊಲಿಗೆಯ ಅಂಚಿನ ಏರುತಗ್ಗಿಗೆ ಅಷ್ಟು ಹಿಗ್ಗು ಬೇಕು.

ಇನ್ನು ಓರೆಯಾಗಿ ಕತ್ತರಿಸುವ ಕ್ರಾಸ್ ಪಟ್ಟಿ. ಕೌದಿಯ ಮೂಲೆ ದುಂಡಗಿದ್ದರೆ ಇದಿಲ್ಲದೆ ಆಗದು. ನೇರ ಅಂಚಿಗೂ ಇದು ಜಾಸ್ತಿ ಬಾಳಿಕೆ ಬರುತ್ತದೆ. ನೇರ ಪಟ್ಟಿಯಲ್ಲಿ ತುದಿಯ ಮಡಿಕೆಯ ಮೇಲೆ ಉದ್ದಕ್ಕೂ ಅವೇ ಒಂದೆರಡು ಎಳೆ ಕೂತಿರುತ್ತವೆ. ಅವು ಸವೆದವು ಅಂದರೆ ಮಡಿಕೆ ಉದ್ದಕ್ಕೇ ಸೀಳುತ್ತದೆ. ಕ್ರಾಸ್ ಪಟ್ಟಿಯಲ್ಲಿ ಎಳೆಗಳು ಮಡಿಕೆಯನ್ನು ಓರೆಯಾಗಿ ದಾಟುತ್ತವೆ, ಸವೆತ ಹಂಚಿಹೋಗುತ್ತದೆ. ಆದರೆ ಬಟ್ಟೆ ಜಾಸ್ತಿ ಬೇಕು, ಕೈಯಲ್ಲಿ ಹಿಗ್ಗಿ ಹೊಸಬರನ್ನು ಕಾಡುತ್ತದೆ. ನಾನು ಮಾಡುವುದೇನೆಂದರೆ, ದಿನಾ ಹೊದೆಯುವ ಕೌದಿಗೆ ಕ್ರಾಸ್ ಪಟ್ಟಿ, ಉಳಿದವಕ್ಕೆ ನೇರ ಪಟ್ಟಿ. ಮೊದಲ ಸಲ ಮಾಡುತ್ತಿದ್ದರೆ ನೇರ ಪಟ್ಟಿಯಿಂದಲೇ ಶುರು ಮಾಡಿ.

ಪಟ್ಟಿಗಳನ್ನು ಕೂಡಿಸುವಾಗ ತುದಿಗೆ ತುದಿ ನೇರವಾಗಿ ಹೊಲಿಯಬೇಡಿ. ಒಂದು ಪಟ್ಟಿಯ ಮೇಲೆ ಇನ್ನೊಂದನ್ನು ಅಡ್ಡಡ್ಡ ಇಡಿ, ಎರಡರದೂ ಒಳ್ಳೆ ಬದಿ ಎದುರುಬದುರಾಗಿ. ಎರಡೂ ಸೇರಿದ ಚೌಕದಲ್ಲಿ ಮೂಲೆಯಿಂದ ಮೂಲೆಗೆ ಓರೆ ಹೊಲಿಗೆ ಹಾಕಿ, ಕಾಲು ಇಂಚು ಬಿಟ್ಟು ಉಳಿದದ್ದನ್ನು ಕತ್ತರಿಸಿ, ಹೊಲಿಗೆಯನ್ನು ಬಿಡಿಸಿ ಇಸ್ತ್ರಿ ಮಾಡಿ. ಓರೆ ಜೋಡಣೆಯಾದರೆ ದಪ್ಪ ಒಂದೇ ಜಾಗದಲ್ಲಿ ಗಂಟಿನ ಹಾಗೆ ಕೂರುವುದಿಲ್ಲ. ಎಲ್ಲ ಕೂಡಿಸಿದ ಮೇಲೆ ಇಡೀ ಪಟ್ಟಿಯನ್ನು ಉದ್ದಕ್ಕೆ ಎರಡು ಮಡಚಿ ಇಸ್ತ್ರಿ ಮಾಡಿ. 3 ಇಂಚಿನದು ಈಗ ಒಂದೂವರೆ ಇಂಚಿನ ಜೋಡಿ ಪದರ ಆಯಿತು.

ಹೊಲಿಯುವುದು

ಕೌದಿಯ ಮೇಲ್ಬದಿಗೆ ಪಟ್ಟಿ ಇಡಿ. ಮಡಿಕೆ ಕೌದಿಯ ನಡುವಿಗೆ, ಬಿಚ್ಚಿದ ಎರಡು ಅಂಚು ಕೌದಿಯ ಅಂಚಿಗೆ. ಶುರು ಮಾಡುವುದು ಕಾಲು ಕಡೆಯ ಬದಿಯ ನಡುವಿನಿಂದ. ಶುರು ಮಾಡಿದಲ್ಲೇ ಕೊನೆಯ ಜೋಡಣೆಯೂ ಬರುತ್ತದೆ. ಅದು ಕೈಗೆ, ಮುಖಕ್ಕೆ ಸಿಗದ ಜಾಗದಲ್ಲಿ ಇರಲಿ. ಪಟ್ಟಿಯ ಮೊದಲ ಒಂದು ಗೇಣನ್ನು ಹೊಲಿಯದೆ ಬಿಡಿ. ಮೂಲೆಯ ಹತ್ತಿರ ಮಾತ್ರ ಶುರು ಮಾಡಬೇಡಿ.

ಮಷೀನಿನಲ್ಲಿ 16 ಅಥವಾ 18 ನಂಬರಿನ ಸೂಜಿ ಹಾಕಿ. ಹೊಲಿಗೆ ಉದ್ದ ಮಾಡಿ, ಪಾದದ ಒತ್ತಡ ಕಮ್ಮಿ ಮಾಡಿ. ಕೌದಿಯ ಭಾರ ಕೆಳಗೆ ಜೋತುಬೀಳಬಾರದು. ಪಕ್ಕದಲ್ಲಿ ಒಂದು ಸ್ಟೂಲೋ ಮಂಚವೋ ಇಟ್ಟು ಅದರ ಮೇಲೆ ಹೊರೆ ಇಳಿಸಿ. ಇಲ್ಲವಾದರೆ ಭಾರಕ್ಕೆ ಎಳೆದು ಹೊಲಿಗೆ ಸೊಟ್ಟಗಾಗುತ್ತದೆ, ಸೂಜಿಯೂ ಮುರಿಯುತ್ತದೆ. ಅಂಚಿನಿಂದ 1 ಸೆಂಟಿಮೀಟರ್ ಒಳಗೆ ಹೊಲಿಗೆ ನಡೆಯಲಿ. ಪಟ್ಟಿಯನ್ನು ಎಳೆಯಬೇಡಿ, ಸುಮ್ನೆ ಕೌದಿಯ ಮೇಲೆ ಮಲಗಿಸಿಕೊಂಡು ಹೋಗಿ. ಹಿಗ್ಗಿದ ಅಂಚಿದ್ದರೆ ಆ ಬದಿಯ ನಡುವಿನ ಅಳತೆಯಷ್ಟೇ ಪಟ್ಟಿ ಗುರುತು ಮಾಡಿ, ಎರಡೂ ತುದಿಗೆ, ನಡುವಿಗೆ ಗುಂಡುಪಿನ್ನು ಹಾಕಿ, ಉಳಿದ ಹಿಗ್ಗನ್ನು ಚೂರುಚೂರೇ ಹಂಚಿ.

ಕೌದಿ ಮಷೀನಿಗೆ ಹೋಗದಷ್ಟು ದಪ್ಪ ಇದ್ದರೆ ಕೈಯಲ್ಲೇ ಹೊಲಿಯಿರಿ. ಎರಡೆಳೆ ದಾರ, ಕೆಲವು ಟಾಕಿಗೊಮ್ಮೆ ಒಂದು ಹಿಂದೊತ್ತು ಟಾಕಿ, ಅಂದರೆ ಸೂಜಿಯನ್ನು ಹಿಂದಕ್ಕೆ ಚುಚ್ಚಿ ಮುಂದೆ ತರುವ ಟಾಕಿ. ಬೆರಳಿಗೆ ಹಾಕುವ ಅಂಗುಸ್ತಾನ ಇಲ್ಲದೆ ಕೂರಬೇಡಿ.

ಈಗ ಮೂಲೆ. ಇಲ್ಲಿ ನಿಧಾನ ಮಾಡಿ. ಮೂಲೆ ಬರಲು 1 ಸೆಂಟಿಮೀಟರ್ ಇರುವಾಗ ನಿಲ್ಲಿಸಿ. ಎರಡು ಟಾಕಿ ಹಿಂದೆ ಮುಂದೆ ಹಾಕಿ ಬಿಗಿ ಮಾಡಿ, ದಾರ ಕತ್ತರಿಸಿ. ಕೌದಿಯನ್ನು ತಿರುಗಿಸಿ, ಮುಂದಿನ ಬದಿ ನಿಮ್ಮ ಎದುರಿಗೆ ಉದ್ದಕ್ಕೆ ಬರಲಿ. ಪಟ್ಟಿಯನ್ನು ಮೇಲಕ್ಕೆ, ಕೌದಿಯಿಂದ ಆಚೆಗೆ ಮಡಚಿ. ಅದರ ಅಂಚು ಮುಂದಿನ ಬದಿಯ ಅಂಚಿನ ನೇರಕ್ಕೇ ಇರಬೇಕು. ಆಗ ಮೂಲೆಯಲ್ಲಿ ಒಂದು ಓರೆ ಮಡಿಕೆ ಬೀಳುತ್ತದೆ. ಅದನ್ನು ಬೆರಳಲ್ಲಿ ಒತ್ತಿ ಹಿಡಿದು ಪಟ್ಟಿಯನ್ನು ಮತ್ತೆ ಕೆಳಕ್ಕೆ ತನ್ನಿ. ಈ ಎರಡನೇ ಮಡಿಕೆ ಕೌದಿಯ ಮೇಲಿನ ಅಂಚಿಗೆ ಸರಿಯಾಗಿ ಕೂರಬೇಕು. ಅದು ಒಳಗೆ ಸರಿದರೆ ಮೂಲೆ ಮೊಂಡಾಗುತ್ತದೆ, ಹೊರಗೆ ಹೋದರೆ ಪೊಳ್ಳಾಗುತ್ತದೆ. ಅಲ್ಲೊಂದು ಪಿನ್ನು ಹಾಕಿ, ತೀರ ಅಂಚಿನಿಂದಲೇ ಹೊಲಿಗೆ ಮತ್ತೆ ಶುರು ಮಾಡಿ. ಮೂಲೆಯಲ್ಲಿ ಬಟ್ಟೆಯ ಒಂದು ಕಿವಿ ಎದ್ದು ನಿಂತಿರುತ್ತದೆ. ಅದನ್ನು ಕತ್ತರಿಸಬೇಡಿ. ಪಟ್ಟಿಯನ್ನು ಹಿಂದಕ್ಕೆ ಮಗುಚಿದಾಗ ಚೂಪು ಮೂಲೆ ಆಗುವುದು ಅದರಿಂದಲೇ. ಮೊದಲ ಸಲ ಮಾಡುವವರು ಒಂದು ಗೇಣಿನ ಹಳೆಯ ಬಟ್ಟೆಯ ತುಂಡಿನ ಮೇಲೆ ನಾಲ್ಕೂ ಮೂಲೆ ಮಾಡಿ ನೋಡಿ. ಕೈಗೆ ಹತ್ತಿದ ಮೇಲೆ ಮರೆಯುವುದಿಲ್ಲ.

ದುಂಡು ಮೂಲೆ ಬೇಕಾದರೆ ಊಟದ ತಾಟು ಇಟ್ಟು ಗೆರೆ ಎಳೆದು ಕತ್ತರಿಸಿ, ಕ್ರಾಸ್ ಪಟ್ಟಿ ಹಾಕಿ. ತಿರುವಿನಲ್ಲಿ ಪಟ್ಟಿಯನ್ನು ಚೂರು ಸಡಿಲ ಬಿಡಿ. ಎಳೆದು ಹೊಲಿದರೆ ಮೂಲೆ ಒಳಕ್ಕೆ ಮುದುರುತ್ತದೆ.

ಸುತ್ತಿ ಬಂದು ಶುರು ಮಾಡಿದ ಕಡೆಗೆ ಒಂದಡಿ ಇರುವಾಗ ನಿಲ್ಲಿಸಿ. ಎರಡೂ ತುದಿಗಳನ್ನು ಒಂದರ ಮೇಲೊಂದು ಹಾಸಿ. ಮೇಲಿನ ತುದಿ ಕೆಳಗಿನದರ ಮೇಲೆ 3 ಇಂಚು ಮಾತ್ರ ಬರಬೇಕು, ಅಂದರೆ ಬಿಚ್ಚಿದ ಪಟ್ಟಿಯ ಅಗಲದಷ್ಟು. ಉಳಿದದ್ದನ್ನು ಕತ್ತರಿಸಿ. ಎರಡೂ ತುದಿಯ ಮಡಿಕೆ ಬಿಚ್ಚಿ, ಮೊದಲಿನ ಹಾಗೇ ಅಡ್ಡಡ್ಡ ಇಟ್ಟು ಓರೆಯಾಗಿ ಹೊಲಿಯಿರಿ. ಇದಕ್ಕಾಗಿ ಕೌದಿಯನ್ನು ಸ್ವಲ್ಪ ಮಡಚಿ ಹತ್ತಿರ ತಂದುಕೊಳ್ಳಬೇಕಾಗುತ್ತದೆ. ಕತ್ತರಿಸುವ ಮೊದಲು ಪಟ್ಟಿ ತಿರುಚಿಲ್ಲ ಅಂತ ನೋಡಿಕೊಳ್ಳಿ. ಇದು ತಲೆಬಿಸಿ ಅನ್ನಿಸಿದರೆ ಸುಲಭದ ಬಗೆಯೂ ಇದೆ. ಶುರುವಿನ ತುದಿಯನ್ನು ಒಳಕ್ಕೆ ಓರೆಯಾಗಿ ಮಡಚಿ, ಕೊನೆಯ ತುದಿಯನ್ನು ಅದರ ಜೇಬಿನೊಳಗೆ ತೂರಿಸಿ ಹೊಲಿದುಬಿಡಿ. ಅಲ್ಲಿ ಕೊಂಚ ದಪ್ಪ ಉಳಿಯುತ್ತದೆ, ಅಷ್ಟೇ.

ಹಿಂಬದಿಯ ಕೈಹೊಲಿಗೆ

ಪಟ್ಟಿಯನ್ನು ಹಿಂದಕ್ಕೆ ಮಗುಚಿ. ಅದರ ಮಡಿಕೆ ಮಷೀನಿನ ಹೊಲಿಗೆಯನ್ನು ದಾಟಿ ಒಂದು ನೂಲಿನಷ್ಟು, ಅಂದರೆ ಇಂಚಿನ ಎಂಟನೇ ಒಂದರಷ್ಟು, ಮುಂದೆ ಬರಬೇಕು. ಹಿಂಬದಿಯನ್ನೂ ಮಷೀನಿನಲ್ಲೇ ಹೊಡೆಯಬಹುದು, ಮಾಡುವವರು ಇದ್ದಾರೆ. ನನಗೆ ಅದು ಒಪ್ಪುವುದಿಲ್ಲ. ಮಷೀನಿನ ಹೊಲಿಗೆ ಮುಂಬದಿಗೂ ಬಂದು ಕಾಣುತ್ತದೆ, ಮೇಲಾಗಿ ಮುಂದೆ ಬಿಚ್ಚಬೇಕಾದಾಗ ಹಳೆಯ ಬಟ್ಟೆಯಲ್ಲಿ ತೂತುಗಳ ಸಾಲು ಉಳಿಯುತ್ತದೆ. ಕೈಹೊಲಿಗೆ ಹಿಡಿಯುವುದು ಅಡಿಯ ಬಟ್ಟೆಯನ್ನು ಮಾತ್ರ, ಬಿಚ್ಚುವುದೂ ಸಲೀಸು.

ದಾರ ಒಂದು ಮೊಳಕ್ಕಿಂತ ಉದ್ದ ಬೇಡ. ಉದ್ದವಾದಷ್ಟೂ ಗಂಟು ಬೀಳುತ್ತದೆ, ಎಳೆ ಬಿಡುತ್ತದೆ. ಮೇಣದಬತ್ತಿಯ ಮೇಲೆ ಒಂದು ಸಲ ಎಳೆದುಕೊಂಡರೆ ದಾರ ಸಲೀಸಾಗಿ ಓಡುತ್ತದೆ. ಗಂಟನ್ನು ಪಟ್ಟಿಯ ಒಳಗೆ ಅಡಗಿಸಿ ಸೂಜಿಯನ್ನು ಮಡಿಕೆಯಿಂದ ಹೊರಗೆ ತನ್ನಿ. ದಾರ ಹೊರಬಂದ ಜಾಗದ ನೇರಕ್ಕೇ ಅಡಿಯ ಬಟ್ಟೆಯಲ್ಲಿ ಒಂದೆರಡು ಎಳೆ ಹಿಡಿಯಿರಿ. ಅದೇ ಚುಚ್ಚಿನಲ್ಲಿ ಸೂಜಿಯನ್ನು ಮುಂದಕ್ಕೆ ಜಾರಿಸಿ ಮತ್ತೆ ಮಡಿಕೆಯಿಂದ ಹೊರಗೆ ತನ್ನಿ. ದಾರ ಓಡುವುದೆಲ್ಲ ಬಟ್ಟೆಯ ಒಳಗೇ, ಮೇಲೆ ಕಾಣುವುದು ಒಂದು ಚುಕ್ಕಿ ಮಾತ್ರ. ಇಂಚಿಗೆ ಏಳೆಂಟು ಟಾಕಿ ಬರಲಿ. ಸೂಜಿ ಮುಂಬದಿಗೆ ತೂರಬಾರದು. ಎಡಗೈಯನ್ನು ಕೌದಿಯ ಕೆಳಗೆ ಇಟ್ಟುಕೊಂಡರೆ ತೂರಿದ್ದು ಬೆರಳಿಗೆ ಗೊತ್ತಾಗುತ್ತದೆ.

ಒಂದೊಂದು ಗೇಣಿಗೂ ಅದೇ ಜಾಗದಲ್ಲಿ ಎರಡು ಟಾಕಿ ಹಾಕಿ ಬಿಗಿ ಮಾಡಿ. ಮುಂದೆಂದಾದರೂ ದಾರ ಹರಿದರೆ ಬಿಚ್ಚುವುದು ಒಂದು ಗೇಣು ಮಾತ್ರ, ಇಡೀ ಬದಿಯಲ್ಲ. ಮೂಲೆಗೆ ಬಂದಾಗ ಹಿಂಬದಿಯ ಮಡಿಕೆಯನ್ನು ಮುಂಬದಿಯದಕ್ಕೆ ವಿರುದ್ಧ ದಿಕ್ಕಿಗೆ ಮಡಚಿ, ಆಗ ದಪ್ಪ ಎರಡೂ ಕಡೆ ಹಂಚಿಹೋಗುತ್ತದೆ. ಓರೆ ಮಡಿಕೆಯ ಬಾಯಿಗೂ ಮೂರ್ನಾಲ್ಕು ಟಾಕಿ ಹಾಕಿ ಮುಚ್ಚಿ. ಇಲ್ಲದಿದ್ದರೆ ಮಲಗಿದಾಗ ಕಾಲ್ಬೆರಳು ಅದರಲ್ಲಿ ಸಿಕ್ಕಿಕೊಳ್ಳುತ್ತದೆ.

ಕೂಸಿನ ಕೌದಿಗೆ ಮಾತ್ರ ನಾನು ಬೇರೆ ಬಟ್ಟೆ ಹಿಡಿಯುತ್ತೇನೆ. ಪಾಪ್ಲಿನ್ ಬೇಡ, ಮೆತ್ತಗಾದ ಧೋತರದ ಕ್ರಾಸ್ ಪಟ್ಟಿ ಸಾಕು. ಕೂಸು ಅಂಚನ್ನು ಬಾಯಿಗೆ ಹಾಕದೆ ಬಿಡುವುದಿಲ್ಲ. ಅದಕ್ಕೇ ಬಣ್ಣ ಬಿಡುವ ಬಟ್ಟೆ, ಟಿಕಳಿ, ಮಣಿ, ಗೊಂಡೆ ಯಾವುದೂ ಬೇಡ. ದಾರದ ಗಂಟೂ ಹೊರಗೆ ಇರಬಾರದು.

ಸವೆದ ಮೇಲೆ

ತಲೆ ಕಡೆಯ ಪಟ್ಟಿ ಮಾತ್ರ ಸವೆದಿದ್ದರೆ ನಾಲ್ಕೂ ಬದಿ ಬಿಚ್ಚಬೇಕಿಲ್ಲ. ಎರಡು ಪಕ್ಕದ ಬದಿಗಳಲ್ಲಿ ಮೂಲೆಯಿಂದ ಒಂದು ಗೇಣು ಕೆಳಗಿನವರೆಗೆ ಹಳೆಯ ಪಟ್ಟಿ ಬಿಚ್ಚಿ. ಜೋಡಣೆ ಮೂಲೆಯಲ್ಲಿ ಬರಬಾರದು ಅಂತ ಇಷ್ಟು ಕೆಳಗೆ ಹೋಗುವುದು. ಬಿಚ್ಚುವಾಗ ದಾರವನ್ನು ಎಳೆಯಬೇಡಿ. ಎರಡು ಮೂರು ಟಾಕಿಗೆ ಒಂದರಂತೆ ಕತ್ತರಿಸಿ, ಚೂರುಗಳನ್ನು ಹಿಂದಿನಿಂದ ಆರಿಸಿ ತೆಗೆಯಿರಿ. ಹಳೆಯ ಬಟ್ಟೆ ದಾರದ ಎಳೆತಕ್ಕೇ ಸೀಳುತ್ತದೆ.

ಒಡಲಿನ ಅಂಚೂ ನವೆದಿದ್ದರೆ ಅದನ್ನು ಕತ್ತರಿಸಿ ಕೌದಿಯನ್ನು ಸಣ್ಣದು ಮಾಡಬೇಡಿ. ಮೆತ್ತನೆಯ ಹತ್ತಿ ಬಟ್ಟೆಯ ಒಂದಿಂಚು ಅಗಲದ ತುಂಡನ್ನು ಅದರ ಮೇಲೆ ಮಡಚಿ ಕಚ್ಚಾ ಹೊಲಿಗೆಯಲ್ಲಿ ಹಿಡಿದು, ಅದರ ಮೇಲೆ ಹೊಸ ಪಟ್ಟಿ ಹಾಕಿ. ಆ ಬದಿಗೆ ಮಾತ್ರ ನಾಲ್ಕಿಂಚಿನ ಪಟ್ಟಿ ಬೇಕು, ಮುಂದೆಯೂ ಹಿಂದೆಯೂ ಆ ತುಂಡು ಪೂರ್ತಿ ಮುಚ್ಚುವ ಹಾಗೆ. ಪಟ್ಟಿ ಅಗಲವಾದಷ್ಟೂ ಅಂಚಿನಿಂದ ಹೊಲಿಗೆಯನ್ನೂ ಒಳಕ್ಕೆ ತೆಗೆದುಕೊಳ್ಳಿ, ಅರ್ಧ ಇಂಚಿಗೆ. ಹೊಸ ಪಟ್ಟಿಯ ತುದಿಯನ್ನು ಒಳಕ್ಕೆ ಮಡಚಿ ಹಳೆಯದರ ಮೇಲೆ ಅರ್ಧ ಇಂಚು ಹತ್ತಿಸಿ, ಸುತ್ತಲೂ ಸಣ್ಣ ಟಾಕಿ ಹಾಕಿ. ಹಳೆಯ ಬಣ್ಣವೇ ಬೇಕು ಅಂತ ಅಂಗಡಿ ಅಂಗಡಿ ಅಲೆಯುವುದು ಬೇಡ, ಒಗೆದು ಮಾಸಿದ ಬಣ್ಣ ಹೊಸ ಬಟ್ಟೆಯಲ್ಲಿ ಸಿಗುವುದಿಲ್ಲ. ಒಡಲಿನ ತೇಪೆಗಳಲ್ಲಿ ಯಾವ ಬಣ್ಣ ಕಡಿಮೆ ಇದೆಯೋ ಅದನ್ನು ಹಿಡಿಯಿರಿ. ಪಟ್ಟಿ ಹಾಕಿದ ಮೇಲೆ ಮೊದಲ ಸಲ ಒಗೆಯುವಾಗ ತಣ್ಣೀರಲ್ಲೇ ಒಗೆದು, ಅಂಚು ಹಿಡಿದು ಹಗ್ಗಕ್ಕೆ ನೇತುಹಾಕದೆ ನಡುವಿಗೆ ಮಡಚಿ ಎರಡು ಸಾಲು ಹಗ್ಗದ ಮೇಲೆ ಹರವಿ ಒಣಗಿಸಿ.